ತಲೆಕೆಳಗೆ ಒಬ್ಬ ರಾಜ

ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಗಳ ಸಂದಿಯಲ್ಲಿ
ಒಬ್ಬರು ಕೂರುವಷ್ಟು ಜಾಗ. ಇನ್ನೊಬ್ಬರು ನಿಲ್ಲಬೇಕು.
ನಾನು ನಿಂತಿದ್ದೆ.
ಮುಕರ್ರಂ ಸಾಹೇಬರು ಹಿತ್ತಾಳೆ ಬಿಲ್ಲೆಯನ್ನು
ಮರದ ಇಕ್ಕಳಕ್ಕೆ ಸಿಕ್ಕಿಸಿ ಉಫ್ ಎಂದು ಊದಿದರು.

"ಏನಂತ ಕೆತ್ತಲಿ ಮೇಡಂ?"
"ಮುಖ್ಯಸ್ಥರು, ಇತಿಹಾಸ ವಿಭಾಗ. ಕೆಳಗೆ, ಪ್ರಭಾರ."
"ಪ್ರಭಾರ ಅಂದರೆ?"
"ಇನ್ನೊಬ್ಬರು ಬರೋತನಕ."
"ಹಾಗಾದರೆ ಅದನ್ನು ಆಳಕ್ಕೆ ಕೆತ್ತೋದು ಬೇಡ."

ಪ್ರಶ್ನೆಪತ್ರಿಕೆಯ ಕಟ್ಟಿಗೆ ಅರಗು ಹಾಕಿ ಒತ್ತಲು ಈ ಮೊಹರು.
ಸಂಜೆ ಕಾಲೇಜು; ವಿಭಾಗಕ್ಕೆ ಉಳಿದವರು ನಾನು,
ನಾಲ್ಕು ವಿದ್ಯಾರ್ಥಿಗಳು, ಒಂದು ಹರಿದ ಭೂಪಟ.
ಇವತ್ತಿನ ಪಾಠ ಮರ್ಸಿಯಾದ ಆಫಾ.
ಆಳಿದ್ದು ಮೂವತ್ತೊಂಬತ್ತು ವರ್ಷ, ಪೀರಿಯಡ್ಡು ನಲವತ್ತು ನಿಮಿಷ:
ವರ್ಷಕ್ಕೊಂದು ನಿಮಿಷ, ಮಿಕ್ಕಿದ್ದು ಹಾಜರಿಗೆ.

ಗಡಿಯುದ್ದಕ್ಕೂ ಕಂದಕ ಅಗೆಸಿದನಂತೆ.
ಯಾಕೆಂದು ಯಾರೂ ಬರೆದಿಟ್ಟಿಲ್ಲ.
(ಇದೊಂದು ಮಾತ್ರ ಹುಡುಗರಿಗೆ ಥಟ್ಟನೆ ಹೊಳೆಯುತ್ತದೆ,
ಮಾರ್ಕೆಟ್ಟಿನಿಂದ ಹಳ್ಳ ಹಾರುತ್ತ ಬಂದವರಲ್ಲವೆ.)
ಸಮುದ್ರದಾಚೆಯ ದೊರೆ ಅವನಿಗೆ ಕಾಗದ ಬರೆದ:
ನಿಮ್ಮ ಕಡೆಯ ಮೇಲಂಗಿ ಗಿಡ್ಡವಾಗಿದೆ,
ಅಳತೆ ಮೊದಲಿನಂತಿರಲಿ.
ಚಿಕ್ಕಪೇಟೆಯ ಗದ್ದಿಗೆ ಮೇಲೆ ಇದೇ ಜಗಳ ನಾನೂ ಆಡಿದ್ದೇನೆ,
ಇಬ್ಬರು ರಾಜರು ಆಡಿದರೆಂದರೆ ಯಾಕೋ ಖುಷಿ.

ಉಳಿದದ್ದು ಖುಷಿಯದಲ್ಲ.
ಪಕ್ಕದ ನಾಡಿನ ರಾಜನ ತಲೆ ತೆಗೆಸಿದ.
ತಾನಿರುವಾಗಲೇ ಮಗನ ನೆತ್ತಿಗೆ ಪಟ್ಟದ ಎಣ್ಣೆ ಹಾಕಿಸಿದ.
ಅಪ್ಪ ಸತ್ತು ನೂರ ನಲವತ್ತೊಂದು ದಿನಕ್ಕೆ
ಮಗನೂ ಹೋದ.
ನಮ್ಮ ಒಂದು ಸೆಮಿಸ್ಟರಿಗಿಂತ ತುಸು ಕಡಿಮೆ.

ಉಳಿ ಕಿರ್ ಎನ್ನುತ್ತಿತ್ತು. ಸುಮ್ಮನಿರಲಾರದೆ
ಮೊಬೈಲಿನಲ್ಲಿ ಅವನ ಚಿನ್ನದ ನಾಣ್ಯ ತೋರಿಸಿದೆ.
ಸಾಹೇಬರು ಭೂತಗನ್ನಡಿ ಏರಿಸಿ, ತುಟಿಯೊಳಗೇ
ಕಲಿಮಾ ಓದಿದರು. ಬೆರಳು ಅಂಚಿನ ಸುತ್ತ ಹೋಗಿ
ಒಂದು ಕಡೆ ನಿಂತಿತು. "ಇಸವಿ ಹತ್ತಿರ ಎಡವಿದ್ದಾನೆ.
ಸತ್ತ ಇರುವೆಗಳ ಹಾಗೆ ನಡುವೆ ಇವೇನು, ಕಾಲು ಮೇಲೆ ಮಾಡಿಕೊಂಡು?"

ಮೊಬೈಲು ತಿರುಗಿಸಿ ಹಿಡಿದೆ.
ಆಫಾ ರೆಕ್ಸ್.
ರಾಜ ಎದ್ದು ನಿಂತ, ಸುತ್ತಲಿನ ಅರಬ್ಬಿ ಪೂರಾ ಮಗುಚಿಕೊಂಡಿತು.

"ಕೆತ್ತಿದವನಿಗೆ ಓದು ಬರೋದಿಲ್ಲ," ಎಂದರು, ಬೈಯದೆ.
"ನೋಡಿ ನೋಡಿ ಇಳಿಸಿದ್ದಾನೆ. ಕೈ ಚೆನ್ನಾಗಿದೆ.
ನಾನು ಇಲ್ಲಿ ಕೂತಾಗ ಹನ್ನೊಂದು ವರ್ಷ, ಉರ್ದು ಬಿಟ್ಟರೆ ಏನಿಲ್ಲ.
ತಹಸೀಲ್ದಾರ, ಹಾಲಿನ ಸಂಘ, ಸೆರೆಮನೆ,
ಎಲ್ಲಾ ಕನ್ನಡದಲ್ಲಿ ಕೆತ್ತಿದೆ, ಇಪ್ಪತ್ತು ವರ್ಷ,
ಒಂದೂ ಓದದೆ.
ಕ ಅಂದರೆ ರುಮಾಲು ಸುತ್ತಿದವನು,
ಳ ಅಂದರೆ ಮುನಿಸಿಕೊಂಡು ಕೂತವನು.
ಆಮೇಲೆ ಓದೋದು ಕಲಿತೆ ನೋಡಿ,
ಬಸ್ಸಿನ ಬೋರ್ಡಲ್ಲಿ ಎಲ್ಲರೂ ತಪ್ಪು ದಿಕ್ಕಿಗೆ ನಡೀತಿದ್ದರು!"

ನಾನು ನಕ್ಕೆ. ಅವರು ನಗಲಿಲ್ಲ.
ಸೆರೆಮನೆ ಎಂಬ ಪದ ಇನ್ನೂ
ಆ ಬಿಲ್ಲೆಯೊಳಗೇ ಇದ್ದಂತಿತ್ತು ಅವರಿಗೆ.

ಚಿಲ್ಲರೆಯಾಗಿ ಬಂದ ನೂರರ ನೋಟು ಮಡಿಸುವಾಗ
ಅದರ ಪಕ್ಕದ ಪಟ್ಟಿಯಲ್ಲಿ ಒಂದರ ಕೆಳಗೊಂದು ಲಿಪಿ.
ನನಗೆ ಬರುವುದು ಮೂರು.
ಮಿಕ್ಕವು ತಲೆಕೆಳಗಿದ್ದರೂ ಗೊತ್ತಾಗುವುದಿಲ್ಲ,
ನಂಬಿ ಪರ್ಸಿಗೆ ಹಾಕುತ್ತೇನೆ.
ಆ ನಾಣ್ಯ ಎಣಿಸಿದವರೂ ಹೀಗೇ ನಂಬಿದರೋ ಏನೋ.

ತರಗತಿಯಲ್ಲಿ ಮೂವರು ಬಂದಿದ್ದರು.
ಕಟ್ಟಿಗೆ ಕೆಂಪು ಅರಗು ಸುರಿದು ಮೊಹರು ಒತ್ತಿದೆ.
ಮುಖ್ಯಸ್ಥರು ಮಸುಕಾಗಿ ಬಂತು, ಇತಿಹಾಸ ಅರ್ಧ.
ಪ್ರಭಾರ ಮಾತ್ರ
ಉಗುರು ಇಳಿಯುವಷ್ಟು ಆಳ.