ಇತರೆ

ಆರು ಗಂಟೆಗೆ ಶುರು ಎಂದು ನಿಯಮದಲ್ಲಿದೆ.
ಒಂದು ಹೂ, ಹತ್ತು ನಿಮಿಷ, ಅಲುಗಬಾರದು,
ನನ್ನ ನೆರಳು ಹೂವಿನ ಮೇಲೆ ಬೀಳಬಾರದು.
ಬಂದದ್ದಕ್ಕೆ ಬಂದ ಹಾಗೆ ಗೀಟು ಹಾಕಬೇಕು:
ತುಡುವೆ, ಕೋಲುಜೇನು, ಹೆಜ್ಜೇನು, ಮುಜಂಟಿ, ದುಂಬಿ,
ಕೊನೆಯಲ್ಲಿ ಬೆರಳಗಲದ ಕಲಂ, ಇತರೆ.

ದಿನಕ್ಕೆ ಆರುನೂರು. ಬಸ್ಸು ಹೇಗೂ ಪುಕ್ಕಟೆ.
ಹೆಬ್ಬಾಳ ದಾಟಿ, ಬಾಗಲೂರು ದಾಟಿ
ಅಕ್ಕಯ್ಯಮ್ಮನ ಕುಂಬಳದ ಹೊಲ, ನನ್ನ ಏಳನೇ ಜಾಗ.
ಹೊಲ ಅನ್ನುವುದು ಮರ್ಯಾದೆಗೆ.
ಮೂರು ಕಡೆ ತಗಡಿನ ಬೇಲಿ, ತಗಡಿನ ಮೇಲೆ
ಈಜುಕೊಳದಲ್ಲಿ ನಗುತ್ತಿರುವ ಯಾರದೋ ಸಂಸಾರ.
ನಾಲ್ಕನೇ ಕಡೆ ಮೊನ್ನೆವರೆಗೂ ಹೊಂಗೆಯ ಸಾಲಿತ್ತು.

"ಯುಗಾದಿಗೆ ಬಿಡೋ ಹೂವ
ಸಂಕ್ರಾಂತಿ ಕಳೀತಿದ್ದಂಗೇ ಬಿಡ್ತು ಕಣವ್ವ.
ಜೇನು ಬರೋ ಹೊತ್ಗೆ ಎಲ್ಲಾ ನೆಲದ ಮ್ಯಾಗೆ.
ನೆಂಟರು ಬರೋದ್ರೊಳಗೆ ಎಲೆ ಎತ್ತಿದ ಮನೆ ಆಯ್ತು.
ಆಮ್ಯಾಕೆ ಮರಾನೂ ಹೋಯ್ತು."

ಹೋದ ವರ್ಷದ ಹಾಳೆಯಲ್ಲಿ ಗೀಟುಗಳು
ಹೇನಿನ ಬಾಚಣಿಗೆಯ ಹಲ್ಲಿನಷ್ಟು ಒತ್ತೊತ್ತು.
ಈ ಸಲ ಸೊನ್ನೆ ಬರೆಯುವುದನ್ನು ಕಲಿತೆ.
ಖಾಲಿ ಬಿಡುವಂತಿಲ್ಲ:
ಖಾಲಿ ಎಂದರೆ ನಾನು ನೋಡಲಿಲ್ಲ,
ಸೊನ್ನೆ ಎಂದರೆ ನೋಡಿದೆ, ಬರಲಿಲ್ಲ.

ಊರೊಳಗೆ ಸಿಕ್ಕುತ್ತವೆ, ಇಲ್ಲವೆಂದಲ್ಲ.
ಕಲಾಸಿಪಾಳ್ಯದ ಕಬ್ಬಿನ ಹಾಲಿನ ಗಾಡಿಗೆ ಮುತ್ತಿ
ಗಾಜಿನ ಲೋಟದಲ್ಲಿ ಮುಳುಗುವ ಕೋಲುಜೇನು;
ಶಿವಾಜಿನಗರದ ಒಂದು ಮೀಟರ್ ಪೆಟ್ಟಿಗೆಯಲ್ಲಿ
ಮೇಣದ ಕೊಳವೆಯ ಬಾಗಿಲಿಟ್ಟು ಕೂತ ಮುಜಂಟಿ
(ರೀಡಿಂಗ್ ಬರೆಯುವ ಸಲೀಮುದ್ದೀನ್‌ಗೆ
ಅವಕ್ಕೆ ಕುಟುಕಲು ಬಾರದೆಂದು ಎಷ್ಟು ಹೇಳಿದರೂ
ಉಸಿರು ಬಿಗಿಹಿಡಿದೇ ಅಂಕಿ ನೋಡುತ್ತಾನೆ);
ಹದಿಮೂರನೇ ಮಹಡಿಯ ಚಜ್ಜವನ್ನು
ಬಂಡೆಯೆಂದು ನಂಬಿ ಹುಟ್ಟು ಕಟ್ಟಿದ ಹೆಜ್ಜೇನು.
ಭಾನುವಾರ ಔಷಧಿಯ ಹೊಗೆ,
ಸೋಮವಾರ ಪೊರಕೆ.

ನೀಲಿ ಪಟ್ಟೆಯ ಒಂಟಿ ಜೇನೊಂದಿದೆ,
ಅದಕ್ಕೆ ಇದ್ಯಾವುದೂ ಒಗ್ಗದು.
ಅದಕ್ಕೆ ಮಣ್ಣು ಬೇಕು. ಬರೀ ಮಣ್ಣು,
ಕಿರುಬೆರಳು ತೂರುವಷ್ಟು.
ಹೊಸ ಫುಟ್‌ಪಾತಿನ ಕಲ್ಲಿನ ಮೇಲೆ
ಅರ್ಧ ಗಂಟೆ ಸುತ್ತಿದ್ದನ್ನು ನೋಡಿದ್ದೇನೆ,
ಎಲ್ಲೂ ಇಳಿಯದೆ.
ನನ್ನ ಹಾಳೆಯಲ್ಲಿ ಅದೂ ಇತರೆ.

ಏಪ್ರಿಲ್ ಹದಿನೇಳು. ಮುಂಚೆ ಹತ್ತರವರೆಗೂ ತೆರೆದಿರುತ್ತಿದ್ದ ಹೂ
ಏಳೂವರೆಗೇ ತುದಿ ಮುದುಡುತ್ತಿತ್ತು.
ಅಕ್ಕಯ್ಯಮ್ಮ ಸೆರಗು ಸಿಕ್ಕಿಸಿ ಬಳ್ಳಿಯೊಳಗೆ ಬಂದಳು.
ಗಂಡು ಹೂವೊಂದನ್ನು ಕಿತ್ತು, ಎಸಳು ಸುಲಿದು,
ಕೂಸಿಗೆ ಕಾಡಿಗೆ ತೀಡುವ ಹಾಗೆ
ಹೆಣ್ಣು ಹೂವಿನ ಬಾಯಿಗೆ ಮುಟ್ಟಿಸಿದಳು.
"ನೂರಿಪ್ಪತ್ತು ಹೂವ. ಬಗ್ಗೀ ಬಗ್ಗೀ ಸೊಂಟ ಬಿದ್ದೋಯ್ತು.
ಅವು ಹೆಂಗೆ ಮಾಡ್ತಿದ್ವೋ, ಕೂಲಿ ಇಲ್ದಂಗೆ."
ಹಾಳೆಯತ್ತ ಕತ್ತು ಚಾಚಿ,
"ನನ್ನೂ ಬರ್ಕೋ."

ಬರೆದೆ. ಇತರೆ: ಅಕ್ಕಯ್ಯಮ್ಮ, ಗೀಟು ಒಂದು.
ಆಫೀಸಿನಿಂದ ಹಾಳೆ ವಾಪಸು ಬಂದಿದೆ,
ಹೆಸರಿನ ಸುತ್ತ ಕೆಂಪು ಶಾಯಿ:
ಇದು ಯಾವ ಕೀಟ?

ಉತ್ತರ ಕೊಟ್ಟಿಲ್ಲ ಇನ್ನೂ.

ಇವತ್ತು ಹಾಲಿನ ಟೆಂಪೋ ಸಿಕ್ಕಿ
ಐದೂ ಇಪ್ಪತ್ತಕ್ಕೇ ಬಂದುಬಿಟ್ಟೆ.
ಕತ್ತಲು. ತಗಡಿನಾಚೆ ಕ್ರೇನಿನ ತುದಿಗೊಂದು ದೀಪ,
ಅದರ ಬೆಳಕಿನಲ್ಲಿ ಅರ್ಧ ಬಿಚ್ಚಿದ ಹೂ,
ಹೂವಿನೊಳಗೆ ಗುಂಯ್.
ಬಗ್ಗಿದೆ. ಹೆಜ್ಜೇನು. ಒಂದೇ ಒಂದು.
ರಸ್ತೆ ಗುಡಿಸುವವರ ಪಾಳಿಯ ಹಾಗೆ
ಬಿಸಿಲಿಗೆ ಮುಂಚೆ ಮುಗಿಸಿ ಹೋಗಲು ಬಂದದ್ದು,
ಮೈತುಂಬ ಹಳದಿ ಹುಡಿ,
ಗಂಡು ಹೂವಿನಿಂದೆದ್ದು ಹೆಣ್ಣು ಹೂವಿಗೆ ಇಳಿಯಿತು.

ಪೆನ್ನೆತ್ತಿದೆ. ಆರಕ್ಕೆ ಶುರು ಎಂದು ನಿಯಮ.
ಆರಕ್ಕೆ ಸೊನ್ನೆ ಬರೆದೆ, ಆರೂ ಹತ್ತಕ್ಕೂ.

ಅಕ್ಕಯ್ಯಮ್ಮ ಬಂದಾಗ ಅಷ್ಟೇ ಹೇಳಿದೆ:
ಈ ಹೂವಿಗೆ ಬಗ್ಗಬೇಡ. ಆಗಿದೆ.