ನುಂಗಿದ ಅಕ್ಷರ

ನಾರಿಚ್ ಅನ್ನಬೇಕಂತೆ, ನಾರ್‌ವಿಚ್ ಅಲ್ಲ.
ಮೊದಲ ದಿನವೇ ತಿದ್ದಿದಳು ವಿನಿಫ್ರೆಡ್,
ಎಂಬತ್ತೊಂದರ ಮುದುಕಿ, ಮ್ಯೂಸಿಯಮ್ಮಿನಲ್ಲಿ
ನನ್ನ ಮಗ್ಗದೆದುರು ಸ್ಟೂಲು ಹಾಕಿಕೊಂಡು
ಮೂರು ದಿನ ಲಾಳಿಯ ಓಡಾಟ ಎಣಿಸಿದವಳು.
ನಾಲ್ಕನೇ ದಿನ ರಜೆ. "ಬಾ, ಊರು ತೋರಿಸ್ತೇನೆ."

ಕಾರಿಗೆ ಅವಳ ಅಣ್ಣನ ಮಗ ಕ್ಲೈವ್,
ಮೂವತ್ತು ವರ್ಷ ಬಸ್ಸು ಓಡಿಸಿದವ.
ಈಗಲೂ ಸ್ಟಾಪು ಕಂಡರೆ ಕಾಲು ತಾನೇ ಬ್ರೇಕಿಗೆ ಹೋಗುತ್ತದೆ.

ಎಲ್ಮ್ ಹಿಲ್‌ನಲ್ಲಿ ಗುಂಡುಕಲ್ಲಿನ ಇಳಿಜಾರು.
ನನ್ನ ಹೊಸ ಬೂಟು ಜಾರಿತು, ಅವಳ ಕೋಲು ಜಾರಲಿಲ್ಲ.
"ಇಲ್ಲೆಲ್ಲ ನೇಕಾರರು," ಮೇಲಿನ ಕಿಟಕಿಗಳಿಗೆ ಕೋಲೆತ್ತಿದಳು,
"ಕಡಲು ದಾಟಿ ಬಂದವರು. ಪರದೇಶಿಗಳು ಅಂತಲೇ ಹೆಸರು.
ಪಂಜರದಲ್ಲಿ ಹಳದಿ ಹಕ್ಕಿ ತಂದಿದ್ದರು,
ಮಗ್ಗದ ಸದ್ದಿಗೆ ಅದು, ಅದರ ಸದ್ದಿಗೆ ಇವರು."
ನಮ್ಮಲ್ಲಿ ರೇಡಿಯೋ, ಅಂದೆ.
ಕ್ಲೈವನ ಮಫ್ಲರಿನಲ್ಲೂ ಅದೇ ಹಕ್ಕಿ, ಕಾಲಡಿಗೆ ಫುಟ್‌ಬಾಲು.
"ಈ ವಾರವೂ ಸೋತೆವು," ಅಂದ,
ಮೋಡ ಆಗಿದೆ ಅನ್ನುವ ಹಾಗೆ.

ವಾರಕ್ಕೊಂದು ಚರ್ಚು, ದಿನಕ್ಕೊಂದು ಹೆಂಡದಂಗಡಿ ಇದ್ದ ಊರಂತೆ.
ಒಂದು ಚರ್ಚಿನ ಬೀಗದಕೈ ಅವಳ ಚೀಲದಲ್ಲೇ ಇತ್ತು,
ಅಂಗೈಯುದ್ದದ್ದು. ಒಳಗೆ ತಂಪು, ಬಾವಲಿಯ ವಾಸನೆ.
ನೆಲದ ಚಪ್ಪಡಿಯಲ್ಲಿ ಯಾರದೋ ಹೆಸರು, ಅರ್ಧ ಸವೆದದ್ದು.
ಮೇಲೆ ಕಾಲಿಡಬಹುದಾ?
"ಇಡು. ಹಾಗೆ ಇಟ್ಟೇ ಸವೆದದ್ದು."

ಮಧ್ಯಾಹ್ನ ಕಡಲಿಗೆ.
ಒಂದು ಬೋರ್ಡು ಬಂತು. ಅಕ್ಷರ ಕೂಡಿಸಿ ಓದಿದೆ: ಹ್ಯಾಪಿಸ್‌ಬರ್ಗ್.
ಕಾರು ಅಲುಗುವಂತೆ ನಕ್ಕರು ಇಬ್ಬರೂ. "ಹೇಜ್‌ಬ್ರ!"
ಮತ್ತೆ ಉಳಿದ ಅಕ್ಷರ ಎಲ್ಲಿ ಹೋದವು?
"ಕಡಲು ತಿಂತು."
ನಾನು ಜಂಬ ಕೊಚ್ಚಿದೆ: ನಮ್ಮಲ್ಲಿ ಹಾಗಿಲ್ಲ,
ಬರೆದಷ್ಟನ್ನೂ ಓದುತ್ತೇವೆ,
ಒತ್ತಕ್ಷರಕ್ಕೂ ಕೂಲಿ ಉಂಟು.

ತಮಾಷೆಯಲ್ಲ ಅಂತ ಆಮೇಲೆ ತಿಳಿಯಿತು.
ಡಾಂಬರು ರಸ್ತೆ ನೆಟ್ಟಗೆ ಹೋಗಿ
ಗಾಳಿಯಲ್ಲಿ ನಿಂತುಬಿಟ್ಟಿತ್ತು, ಕತ್ತರಿಸಿದ ಸೆರಗಿನಂತೆ,
ಅಂಚಿಗೆ ಎಳೆಎಳೆಯಾಗಿ ಜೋತ ಪೈಪು, ಕೇಬಲ್ಲು.
ಬೆನ್ನ ಹಿಂದೆ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ.
ವಿನಿಫ್ರೆಡ್ ಕೋಲೆತ್ತಿದಳು, ನೆಲವಿಲ್ಲದ ಕಡೆಗೆ:
"ಅಗೋ ಅಡುಗೆಮನೆ. ಅದರ ಪಕ್ಕ ಮೆಟ್ಟಿಲು.
ಮೇಲೆ ನಾವಿಬ್ಬರು ಮಲಗುತ್ತಿದ್ದದ್ದು."
ಅಡುಗೆಮನೆಯಲ್ಲಿ ಒಂದು ಕಡಲಹಕ್ಕಿ
ರೆಕ್ಕೆ ಆಡಿಸದೆ, ಗಾಳಿಗೊರಗಿ ನಿಂತಿತ್ತು.
ನೋಡಿದೆ. ಊರು ನೋಡಲು ಬಂದವರು
ತೋರಿಸಿದ್ದನ್ನು ನೋಡಬೇಕಲ್ಲ.
"ಚೆನ್ನಾಗಿದೆ," ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ.
"ಇತ್ತು," ಅಂದಳು. "ಒಲೆ ಮಾತ್ರ ಹೊಗೆ ಕಾರುತ್ತಿತ್ತು."

ಕೆಳಗೆ, ಕ್ಲೈವ್ ಹೇಳಿದ, ಒಮ್ಮೆ ಅಲೆಗಳು ಮರಳು ಕೆದರಿ
ಹೆಜ್ಜೆಗುರುತು ತೋರಿಸಿದ್ದವು, ಎಂಟೊಂಬತ್ತು ಲಕ್ಷ ವರ್ಷದವು,
ದೊಡ್ಡವರವು, ಮಕ್ಕಳವು.
ಎರಡೇ ವಾರ. ಅದೇ ಅಲೆಗಳು ಒರೆಸಿದವು.
"ನನಗೆ ಡ್ಯೂಟಿ ಇತ್ತು. ಬರುವ ವಾರ ನೋಡೋಣ ಅಂದುಕೊಂಡೆ."

ಅಪ್ಪನ ಮಗ್ಗದ ಕುಣಿಯಲ್ಲಿ, ತುಳಿಯುವ ಹಲಗೆಯ ಮೇಲೆ
ಎರಡು ಪಾದದ ತಗ್ಗು ಬಿದ್ದಿತ್ತು.
ಕುಣಿ ಮುಚ್ಚಿ ಸಿಮೆಂಟು ಹಾಕಿಸಿದ ದಿನ
ಹಲಗೆಯನ್ನು ನೀರೊಲೆಗೆ ಹಾಕಿದವ ನಾನೇ.
ಇದನ್ನು ಹೇಳಲಿಲ್ಲ. ಇಂಗ್ಲಿಷು ಸಾಲಲಿಲ್ಲ ಅಂದುಕೊಳ್ಳಿ.

ಹೊರಗೆ ಗಾಳಿ. ಕಾರಿನಲ್ಲೇ ಕೂತು ವಿನಿಗರ್ ಹಾಕಿದ ಚಿಪ್ಸು ತಿಂದೆವು.
"ನಿನ್ನ ಊರಿನ ಹೆಸರು ಇನ್ನೊಮ್ಮೆ ಹೇಳು."
ಗುಳೇದಗುಡ್ಡ.
ಉಪ್ಪು ಹತ್ತಿದ ತುಟಿಯಲ್ಲಿ ಹೊರಳಿಸಿ ನೋಡಿದಳು: "ಗುಲೆಗುಡ."
ದ ಬಿತ್ತು. ಒತ್ತು ಬಿತ್ತು.
ತಿದ್ದಲು ಬಾಯಿ ತೆರೆದೆ. ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ
ನಮ್ಮ ಕಂಡಕ್ಟರು ಕೂಗುವುದೂ ಹೆಚ್ಚುಕಡಿಮೆ ಇಷ್ಟೇ.
"ಸರಿಯಾಗಿದೆ," ಅಂದೆ.

ಹ್ಯಾಂಡ್‌ಬ್ರೇಕು ಇಳಿಸುವ ಮುನ್ನ
ಕ್ಲೈವ್ ಕನ್ನಡಿಯಲ್ಲಿ ಹಿಂದೆ ನೋಡಿದ,
ಒಂದು ಗಳಿಗೆ ಕಾದ,
ಹತ್ತುವವರು ಇನ್ನೂ ಯಾರೋ ಇದ್ದಾರೆ ಅನ್ನುವಂತೆ.