ಹದಿನೆಂಟನೇ ರಾತ್ರಿ

ಸಿದ್ದಾಪುರದಾಚೆ ಆನೆ ಬೈನೆಮರ ಕೆಡವಿತು,
ತಂತಿ ಹರಿದು
ನನ್ನ ಥರ್ಮಾಕೋಲ್ ಪೆಟ್ಟಿಗೆಯ ಬಲ್ಬು ಆರಿತು.

ಒಳಗೆ ಹನ್ನೊಂದು ಮೊಟ್ಟೆ,
ಮೈಮೇಲೆ ಪೆನ್ಸಿಲಿನ ತಾರೀಕು.
ಕೆನ್ನೆಗೊತ್ತಿ ನೋಡಿದೆ: ಬಿಸಿ ಇಳಿಯುತ್ತಿದೆ.

ಗೂಡಿನ ಮೂಲೆಯಲ್ಲಿ ಕಂದು ಹೇಟೆ
ಬರಿ ನೆಲಕ್ಕೇ ಕಾವು ಕೊಡುತ್ತಿದ್ದಾಳೆ ಇನ್ನೂ.
ಕಾವು ಬಿಡಲೆಂದು ಮೊನ್ನೆ ಇವಳನ್ನೇ
ಮೂರು ಸಲ ಬಕೆಟ್ಟಿನ ನೀರಿಗೆ ಅದ್ದಿದ್ದೆ.

ಟಾರ್ಚು ಬಾಯಲ್ಲಿ ಕಚ್ಚಿ ಕೈ ತೂರಿಸಿದೆ.
ಕುಕ್ಕಿದಳು.
ಕುಕ್ಕಲಿ, ನನಗೆ ಬರಬೇಕಾದದ್ದೇ.
ಆಮೇಲೆ ಒಂದೊಂದನ್ನೇ ಕೊಕ್ಕಿನಲ್ಲಿ
ಎದೆಯಡಿಗೆ ಎಳೆದುಕೊಂಡಳು,
ತಾರೀಕು ಓದದೆ.

ಕರೆಂಟು ಬಂದದ್ದು ಮೂರನೇ ದಿನ.
ಖಾಲಿ ಪೆಟ್ಟಿಗೆಯಲ್ಲಿ ಬಲ್ಬು ಝಗ್ಗನೆ ಉರಿಯಿತು.
ಬೊಳ್ಳವ್ವ ಗೂಡಿನ ಹತ್ತಿರದಿಂದ ಕೂಗಿದಳು:
"ಒಂದು ಚಿಪ್ಪು ಬಿರಿದಿದೆ, ಬಾ,
ಬರಿಗೈಲಿ ಬರಬೇಡ, ನುಚ್ಚು ತಾ."